ಕೊನೆಯ ಪ್ಯಾರಾ

ಪತ್ರಿಕೆಯೊಂದರಲ್ಲಿ ಸಿನಿಮಾ ಪುಟ ಕಟ್ಟುವ ಅವನಿಗೆ ಕಚೇರಿಯಲ್ಲಿ ‘ಕತ್ತರಿ’ ಎಂದೇ ಹೆಸರು. ಆರು ವರ್ಷದ ನೌಕರಿಯಲ್ಲಿ ಸಂಪಾದಿಸಿದ ಬಿರುದು ಅದೊಂದೇ ಆದ್ದರಿಂದ ಒಳಗೊಳಗೇ ಉಬ್ಬುತ್ತಿದ್ದ. ಜಾಗ ಸಾಲದಿದ್ದರೆ ಬರಹವನ್ನು ಬುಡದಿಂದ ಕತ್ತರಿಸಬೇಕು, ಮುಖ್ಯವಾದದ್ದೆಲ್ಲ ಮೇಲೆಯೇ ಇರುತ್ತದೆ ಎಂಬುದು ಸುದ್ದಿಮನೆಯ ಪಾಠ. ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಓದುವ ಗೋಜಿಗೇ ಹೋಗುತ್ತಿರಲಿಲ್ಲ.

ಆ ಗುರುವಾರ ಸಂಜೆ ಆರಕ್ಕೆ ಹಾಸಿಗೆ ಕಂಪನಿಯ ಜಾಹೀರಾತೊಂದು ಬಂದು ಪುಟದ ಮೇಲೆ ಕಾಲು ಚಾಚಿ ಮಲಗಿತು. ಅದರ ಕೆಳಗೆ ಸಿಕ್ಕಿಬಿದ್ದದ್ದು ಮೇಡಂ ಬರೆದ ವಿಮರ್ಶೆ. ಮೇಡಂ ಮೂವತ್ತು ವರ್ಷದಿಂದ ಸಿನಿಮಾ ಬಗ್ಗೆ ಬರೆಯುತ್ತಿದ್ದವರು, ಹೊಗಳುವುದರಲ್ಲಿ ಕೈ ಬಿಗಿ, ಅಚ್ಚಾದ ಮೇಲೆ ತಮ್ಮ ಬರಹವನ್ನು ಕಣ್ಣೆತ್ತಿಯೂ ನೋಡದವರು. ಚಿತ್ರವೋ ಹೊಸ ನಿರ್ದೇಶಕಿಯೊಬ್ಬಳ ಮೊದಲ ಪ್ರಯತ್ನ: ಹಲ್ಲಿನ ಡಾಕ್ಟರೆಂದರೆ ನಡುಗುವ ಲಿಫ್ಟ್ ರಿಪೇರಿಯವನು, ಲಿಫ್ಟ್ ಎಂದರೆ ನಡುಗುವ ಹಲ್ಲಿನ ಡಾಕ್ಟರಮ್ಮ, ಇಬ್ಬರ ಪ್ರೇಮವೆಲ್ಲ ಮೆಟ್ಟಿಲ ಮೇಲೆ. ಅವನು ವಿಮರ್ಶೆಯ ಕೊನೆಯ ಪ್ಯಾರಾ ಹಾರಿಸಿದ, ಪುಟ ಕಳಿಸಿದ, ಮನೆಗೆ ಹೋದ.

ಬೆಳಿಗ್ಗೆ ಅಕ್ಕ ಪತ್ರಿಕೆ ಹಿಡಿದು ಗಂಡನ ಮುಂದೆ ನಿಂತಳು. “ನೋಡ್ರೀ, ಇವತ್ತು ಹೋಗೋಣ ಅಂತಿದ್ರಲ್ಲ, ಇವನ ಪೇಪರಲ್ಲೇ ಮಾನ ತೆಗೆದಿದ್ದಾರೆ. ಕಥೆಗೆ ತಲೆಬುಡ ಇಲ್ವಂತೆ, ಹೀರೋಗೆ ವಿಗ್ ಕೂರಲ್ವಂತೆ.”

“ಹಾಗಾದ್ರೆ ಬೇಡ ಬಿಡು,” ಎಂದು ಭಾವ ಮತ್ತೆ ಸೋಫಾಕ್ಕೆ ಒರಗಿದ. “ಏನಯ್ಯಾ ಭಾವಮೈದ, ಹೇಳೋಕೆ ಒಂದು ಒಳ್ಳೆ ಮಾತೂ ಸಿಗಲಿಲ್ವಾ ನಿಮ್ಮೋರಿಗೆ?”

ಕಚೇರಿಗೆ ಹೋದವನೇ ಮೂಲಪ್ರತಿ ತೆಗೆದು ನೋಡಿದ. ಕತ್ತರಿಸಿದ ಪ್ಯಾರಾದಲ್ಲಿ ಹೀಗಿತ್ತು: “ಇಷ್ಟೆಲ್ಲ ತಕರಾರು ಬರೆದದ್ದು ಅಭ್ಯಾಸಬಲ. ಐದನೇ ಮಹಡಿಯಲ್ಲಿ ಇಬ್ಬರೂ ಏದುಸಿರು ಬಿಡುತ್ತ, ಮಾತಿಗೂ ಉಸಿರಿಲ್ಲದೆ, ಒಂದೇ ಮೆಟ್ಟಿಲ ಮೇಲೆ ಕೂರುತ್ತಾರೆ. ನಕ್ಕೆ, ನಗುತ್ತಲೇ ಕಣ್ಣು ಒದ್ದೆಯಾಯಿತು. ಹತ್ತು ವರ್ಷದಲ್ಲಿ ನನಗೆ ಹೀಗಾಗಿರಲಿಲ್ಲ. ದಯವಿಟ್ಟು ಹೋಗಿ ನೋಡಿ.”

ಆಗಲೇ ಬಾಯಿಬಿಟ್ಟಿದ್ದರೆ ಶನಿವಾರದ ಪತ್ರಿಕೆಯಲ್ಲಿ ಆ ಪ್ಯಾರಾ ಬರುತ್ತಿತ್ತು, ಚಿತ್ರಕ್ಕೆ ಇನ್ನೊಂದಷ್ಟು ದಿನ ಉಸಿರು ಸಿಗುತ್ತಿತ್ತು. ಆದರೆ ಸೋಮವಾರ ಅವನ ಗುತ್ತಿಗೆ ನವೀಕರಣವಿತ್ತು. ಅಲ್ಲಿಯವರೆಗೆ ತೆಪ್ಪಗಿದ್ದ. ಗುತ್ತಿಗೆ ಮುಂದುವರಿಯಿತು. ಮಂಗಳವಾರ ಮೇಡಂ ರಜೆ. ಎಷ್ಟು ಹಾಯೆನಿಸಿತೆಂದರೆ ಆಮೇಲೆ ಅವನಿಗೇ ನಾಚಿಕೆಯಾಯಿತು. ಬುಧವಾರ ಕೈಗೆ ಬಂದ ಶುಕ್ರವಾರದ ಚಿತ್ರಮಂದಿರಗಳ ಪಟ್ಟಿಯಲ್ಲಿ ಆ ಚಿತ್ರದ ಹೆಸರಿರಲಿಲ್ಲ. ಎದ್ದು ಮೇಡಂ ಮೇಜಿನ ಮುಂದೆ ನಿಂತು ಎಲ್ಲ ಹೇಳಿದ.

“ಓದಿ ಕತ್ತರಿಸಿದ್ಯಾ, ಓದದೇನಾ?”

“ಓದ್ಲಿಲ್ಲ ಮೇಡಂ.”

“ಓದಿ ಕತ್ತರಿಸಿದ್ರೆ ನಿನ್ನ ಜೊತೆ ಜಗಳ ಆದ್ರೂ ಆಡಬಹುದಿತ್ತು.”

ಅವರು ನೇರ ಸಂಪಾದಕರ ಕೋಣೆಗೆ ನಡೆದರು. ಸಂಪಾದಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, “ನಾಳೆ ಒಂದಿನ ಬಿಟ್ರೆ ಆ ಸಿನಿಮಾ ಎಲ್ಲೂ ಇರಲ್ವಲ್ಲಮ್ಮ. ಈಗ ಹಾಕಿ ಜನಾನ ಎಲ್ಲಿಗೆ ಕಳಿಸೋಣ?” ಎಂದರು.

ಮೇಡಂ ಮೇಜಿಗೆ ಮರಳಿ ನಿರ್ದೇಶಕಿಗೆ ಫೋನ್ ಮಾಡಿದರು. ಆ ಪ್ಯಾರಾವನ್ನು ನಿಧಾನವಾಗಿ, ಒಂದಕ್ಷರ ಬಿಡದೆ ಓದಿದರು. ಆ ಕಡೆಯ ದನಿ ಪಕ್ಕದಲ್ಲಿ ನಿಂತ ಅವನಿಗೂ ಕೇಳಿಸಿತು.

“ಸಮಾಧಾನಕ್ಕೆ ಅಂತ ಈಗ ಬರೆದ್ರಾ ಮೇಡಂ? ಪರವಾಗಿಲ್ಲ. ನಿಮ್ಮ ವಿಮರ್ಶೆ ಓದ್ಕೊಂಡೇ ಸಿನಿಮಾ ಕಲಿತೋಳು ನಾನು. ಮೊದಲು ಬರೆದಿದ್ರಲ್ಲ, ಅದೇ ಸರಿ. ಮುಂದಿನ ತಿಂಗಳಿಂದ ಹಳೇ ಕೆಲಸಕ್ಕೆ ಹೋಗ್ತೀನಿ.”

ಕರೆ ಕಡಿದುಹೋಯಿತು.

“ನಂಬಲಿಲ್ಲ ಕಣೋ,” ಎಂದರು ಮೇಡಂ.

“ತಪ್ಪು ನಂದು ಅಂತ ನಾನೇ ಹೇಳ್ಲಾ ಮೇಡಂ?”

“ಹೇಳು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಿದ್ರೆ ಏನಂತೀಯ, ಅದನ್ನೂ ಯೋಚನೆ ಮಾಡ್ಕೋ.”

ಅವನು ನಂಬರ್ ಒತ್ತಿದ. ಆ ಕಡೆ ರಿಂಗ್ ಆಗುತ್ತಿದ್ದಷ್ಟು ಹೊತ್ತೂ, ಆಕೆ ಎತ್ತದಿರಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು. ಆಕೆ ಎತ್ತಲಿಲ್ಲ.