ಒಂದು ಲೀಟರಿನ ಹೂಮಳೆ

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಆಗ ನಾನು ಚಿಕ್ಕಮಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಒಂದು ವರ್ಷ ಕೊನೆಯ ಸೆಮಿಸ್ಟರಿನ ನಾಲ್ವರು ಹುಡುಗರು ಬಂದು, ಬೇಸಿಗೆಯಲ್ಲಿ ಹುಲ್ಲುಗುಡ್ಡಗಳಿಗೆ ಬೀಳುವ ಬೆಂಕಿಯನ್ನು ಮೇಲಿನಿಂದ ಆರಿಸುವ ಪುಟ್ಟ ವಿಮಾನ ಮಾಡುತ್ತೇವೆ, ನೀವೇ ಗೈಡ್ ಆಗಬೇಕು ಮೇಡಂ ಎಂದರು. ಡ್ರೋನ್ ಎಂಬ ಮಾತು ಆಗಿನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ವಿಮಾನದ ಗಂಧಗಾಳಿಯೂ ನನಗಿರಲಿಲ್ಲ. ಬೇರೆ ಯಾರೂ ಒಪ್ಪದ್ದರಿಂದ ನನ್ನ ಹತ್ತಿರ ಬಂದಿದ್ದರು.

ಥರ್ಮಾಕೋಲಿನ ರೆಕ್ಕೆ, ಪುಟ್ಟ ಎಂಜಿನ್, ಹೊಟ್ಟೆಯಡಿಗೆ ಒಂದು ಲೀಟರ್ ನೀರಿನ ಪ್ಲಾಸ್ಟಿಕ್ ಚೀಲ. ರಿಮೋಟಿನ ಗುಂಡಿ ಒತ್ತಿದರೆ ಚೀಲ ಕಳಚಿ ಬೀಳಬೇಕು. ಕಾಲೇಜಿನ ಮೈದಾನದಲ್ಲಿ ಅದು ಚೆನ್ನಾಗಿಯೇ ಹಾರಿತು. ಪ್ರಿನ್ಸಿಪಾಲರು ಹಿಗ್ಗಿ ಹೋಗಿ, "ನಿಜವಾದ ಗುಡ್ಡದಲ್ಲಿ ನಿಜವಾದ ಬೆಂಕಿ ಆರಿಸಿ ತೋರ್ಸಿ, ನಾನೂ ಬರ್ತೀನಿ" ಎಂದುಬಿಟ್ಟರು.

ಫೆಬ್ರವರಿಯ ಒಂದು ಬೆಳಿಗ್ಗೆ, ಬೇಕಾದ ಅನುಮತಿ ಪಡೆದು, ಜೀಪಿನಲ್ಲಿ ದೇವರಮನೆ ಗುಡ್ಡಕ್ಕೆ ಹೋದೆವು. ಬರೀ ಕಲ್ಲಿದ್ದ ಜಾಗದಲ್ಲಿ ಒಂದು ತೆಕ್ಕೆ ಹುಲ್ಲು ಒಟ್ಟಿದೆವು. ಇಬ್ಬನಿಗೆ ನೆನೆದ ಹುಲ್ಲು ಏನು ಮಾಡಿದರೂ ಹತ್ತಲಿಲ್ಲ. ಆರಿಸಲು ಬಂದವರಿಗೆ ಹಚ್ಚುವುದೇ ದೊಡ್ಡ ಕೆಲಸವಾಯಿತು.

"ಸರೀರಿ. ನಮ್ಮನೇಲಿ ದಿನಾ ಬಚ್ಚಲೊಲೆ ಹಚ್ಚೋದು ನಾನೇ" ಎಂದು ಪ್ರಿನ್ಸಿಪಾಲರು ಕುಕ್ಕರಗಾಲಿನಲ್ಲಿ ಕೂತು ಊದತೊಡಗಿದರು. ವಿಮಾನ ಅದಾಗಲೇ ಮೇಲೆ ಸುತ್ತುತ್ತಿತ್ತು. ಸಣ್ಣಗೆ ಹೊಗೆ ಎದ್ದದ್ದೇ ತಡ, ರಿಮೋಟ್ ಹಿಡಿದ ಹುಡುಗ ಗುಂಡಿ ಒತ್ತಿದ. ಚೀಲ ಬಂದು ಪ್ರಿನ್ಸಿಪಾಲರ ಬೆನ್ನ ಮೇಲೆ ಒಡೆಯಿತು. ಹುಲ್ಲಿಗೆ ಒಂದು ಹನಿಯೂ ಸಿಡಿಯಲಿಲ್ಲ. ಅದು ಆಗ ಸೊಗಸಾಗಿ ಹತ್ತಿಕೊಂಡಿತು.

"ಸ್ವಲ್ಪದ್ರಲ್ಲಿ ತಪ್ಪಿತು ಸರ್" ಎಂದ ಹುಡುಗ.

"ನನಗೇನೂ ತಪ್ಪಲಿಲ್ಲಪ್ಪ" ಎಂದರು ಪ್ರಿನ್ಸಿಪಾಲರು.

ಭಾರ ಇಳಿದ ವಿಮಾನ ಗಾಳಿಗೆ ಸಿಕ್ಕಿ, ರಿಮೋಟಿನ ಮಾತು ಕೇಳದೆ ಗುಡ್ಡದಾಚೆಗೆ ಹೋಯಿತು. ಬೆಂಕಿಯನ್ನು ಕಾಲಲ್ಲಿ ತುಳಿದು ಆರಿಸಿ, ಜೀಪು ಹತ್ತಿ ಹುಡುಕುತ್ತಾ ಹೊರಟೆವು. ಕೆಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ, ಸಿಲ್ವರ್ ಓಕ್ ಮರದ ತುದಿಯಲ್ಲಿ ಅದು ಸಿಕ್ಕಿಕೊಂಡಿತ್ತು. ತೋಟದ ಮಾಲೀಕರು ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು.

"ಇದು ನಿಮ್ದಾ ಮೇಡಂ? ಎಂತದು ಇದು?"

"ಬೆಂಕಿ ಆರಿಸೋ ವಿಮಾನ. ಮೇಲಿಂದ ನೀರು ಹಾಕುತ್ತೆ" ಎಂದೆ.

ಅವರ ಮುಖ ಅರಳಿತು. ಕಾಫಿ ಗಿಡಗಳು ಮೊಗ್ಗು ಹಿಡಿದು, ಹೂ ಅರಳಿಸುವ ಮೊದಲ ಮಳೆಗಾಗಿ ಬೆಳೆಗಾರರೆಲ್ಲ ಆಕಾಶ ನೋಡುತ್ತಿದ್ದ ಸಮಯ ಅದು.

"ಹಂಗಾದ್ರೆ ನಮ್ಮ ತೋಟದ ಮೇಲೆ ಒಂದ್ಸಲ ಬಿಡಿ ಮಾರಾಯ್ರೆ, ಹೂಮಳೆಗೆ ಕಾದು ಕಾದು ಸಾಕಾಗಿದೆ. ಒಂದ್ಸಲಕ್ಕೆ ಎಷ್ಟು ನೀರು ಹಾಕುತ್ತೆ?"

"ಒಂದು ಲೀಟರ್."

ಅವರು ಮತ್ತೊಮ್ಮೆ ಮರದ ತುದಿ ನೋಡಿದರು. "ಅಷ್ಟು ನಮ್ಮ ನಾಯಿಗೂ ಸಾಲಲ್ವಲ್ರೀ."

"ಒಬ್ಬ ಮನುಷ್ಯನಿಗೆ ಧಾರಾಳ ಸಾಕು" ಎಂದು ಹಿಂದಿನಿಂದ ಪ್ರಿನ್ಸಿಪಾಲರು ನಡುಗುತ್ತಾ ಹೇಳಿದರು.

ಮಾಲೀಕರು ಆಳು ಹತ್ತಿಸಿ ವಿಮಾನ ಇಳಿಸಿಕೊಟ್ಟರು. ಒಂದು ರೆಕ್ಕೆ ಮುರಿದಿತ್ತು. ಪ್ರಿನ್ಸಿಪಾಲರಿಗೆ ತಮ್ಮ ಅಂಗಿಯನ್ನೇ ಕೊಟ್ಟರು. ಅದರೊಳಗೆ ಇನ್ನೊಬ್ಬರು ಹಿಡಿಸುತ್ತಿದ್ದರು. ಎಲ್ಲರನ್ನೂ ಕೂರಿಸಿ ಕಡುಬು ಬಡಿಸಿದರು. ಊಟದುದ್ದಕ್ಕೂ ಹುಡುಗರನ್ನು ವಿಮಾನದ ಬಗ್ಗೆ ಬಿಡದೆ ಕೇಳಿದರು.

ಪ್ರಾಜೆಕ್ಟ್ ಪ್ರದರ್ಶನದ ಹೊತ್ತಿಗೆ ಮಳೆ ಬಂದು ತೋಟಗಳಲ್ಲಿ ಹೂವಾಗಿತ್ತು. ಆ ಖುಷಿಯಲ್ಲಿ ತೋಟದ ಮಾಲೀಕರು ಹೆಂಡತಿಯನ್ನೂ ಕರೆದುಕೊಂಡು ಕಾಲೇಜಿಗೆ ಬಂದರು. ಟೇಪು ಸುತ್ತಿದ ವಿಮಾನದ ಪಕ್ಕ ನಿಂತು, ಬಂದವರಿಗೆಲ್ಲ ತಾವೇ ವಿವರಿಸತೊಡಗಿದರು. ಹುಡುಗರು ಗೌರವದಿಂದ ಹಿಂದೆ ಸರಿದು ನಿಂತರು.

ಯಾರೋ ಕೇಳಿದರು, "ಇದು ಬೆಂಕಿ ಆರಿಸೋದು ಹೆಂಗೆ ಸರ್?"

"ಅದನ್ನ ಈ ಹುಡುಗ್ರನ್ನ ಕೇಳಿ. ಮರದಿಂದ ಇಳಿಸೋದು ಹೆಂಗೆ ಅಂತ ನಾನು ಹೇಳ್ತೀನಿ" ಎಂದರು ಅವರು.