ನಾಯಿಗೂ ಹೆಸರಿರುವ ಕಾದಂಬರಿ

ಕಳೆದ ವಾರ ನಾನು ಜೋರಾಗಿ ಓದುತ್ತಿದ್ದ ಕನ್ನಡ ಕಾದಂಬರಿಯನ್ನು ನನ್ನ ಮಗಳು ಕೈಯಿಂದ ಕಿತ್ತುಕೊಂಡು ಮುಚ್ಚಿಬಿಟ್ಟಳು. ನಾನು ಬೈಯಲಿಲ್ಲ. ಬೈಸಿಕೊಳ್ಳಬೇಕಾದವರು ಬೆಂಗಳೂರಿನಲ್ಲಿದ್ದಾರೆ.

ಅನನ್ಯ ಹುಟ್ಟಿ ಬೆಳೆದದ್ದು ಇಲ್ಲೇ, ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡ ಪುಸ್ತಕವೆಂದರೆ ಮಾರು ದೂರ ಓಡುತ್ತಿದ್ದವಳು, ಈ ಕಥೆ ನಮ್ಮ ನೈರೋಬಿಯಲ್ಲೇ ನಡೆಯುತ್ತದೆ ಎಂದಾಗ ಫೋನ್ ಬದಿಗಿಟ್ಟು ಪಕ್ಕದಲ್ಲಿ ಬಂದು ಕೂತಳು. ನನಗೆಷ್ಟು ಖುಷಿಯಾಗಿತ್ತು ಗೊತ್ತೇ?

ಭರ್ಜರಿ ಸೇಲ್ ಆಗುತ್ತಿರುವ ಕಾದಂಬರಿ. ನಾಯಕ ಬೆಂಗಳೂರಿನಿಂದ ಬಂದಿಳಿಯುತ್ತಾನೆ. ಏರ್‌ಪೋರ್ಟ್ ದಾಟಿದರೆ ಕಾಡು. ಸಿಂಹ. ಭರ್ಜಿ. (ಊರಿನ ಪಕ್ಕದಲ್ಲೇ ನ್ಯಾಷನಲ್ ಪಾರ್ಕ್ ಇದೆ, ಒಮ್ಮೊಮ್ಮೆ ಸಿಂಹ ದಾರಿ ತಪ್ಪಿ ಬರುವುದೂ ಉಂಟು. ಕಾದಂಬರಿಯಲ್ಲಿರುವಂತೆ ವಿಲನ್ ಸೀಟಿ ಹೊಡೆದಾಗ ಬರುವುದಿಲ್ಲ!) ಅನನ್ಯ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

“ಅಮ್ಮಾ, ವೈ ಡಸಂಟ್ ಎನಿಬಡಿ ಹಿಯರ್ ಹ್ಯಾವ್ ಎ ನೇಮ್?”

ಪುಟ ತಿರುವಿದೆ. ನಿಜ. ನಾಯಕನ ನಾಯಿಗೂ ಹೆಸರಿದೆ. ಈ ಊರಿನವರು ಮಾತ್ರ ‘ದಡಿಯ ಕರಿಯ’, ‘ಇನ್ನೊಬ್ಬ ಕರಿಯ’. ಎದುರು ಮನೆಯ ವಾಂಬುಯಿ ಈ ಊರಿನವಳೇ, ಅನನ್ಯಳ ಜೀವದ ಗೆಳತಿ, ನನ್ನ ಚಿತ್ರಾನ್ನ ತಿಂದು ಬೆಳೆದವಳು. ಅವಳನ್ನು ಏನೆಂದು ಓದಿ ಹೇಳಲಿ?

ಭಾನುವಾರ ಇಲ್ಲಿನ ಕಿಲಿಮಾನಿ ಬಡಾವಣೆಯಲ್ಲಿ ನಮ್ಮ ಕನ್ನಡ ಓದುಗರ ಬಳಗ ಸೇರಿತು. ಇಲ್ಲೊಂದು ಪದ್ಧತಿಯಿದೆ. ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಕಡಿಮೆ ಮಾಡಿ ಪುಸ್ತಕ ತರಬೇಕು, ಉಳಿದವರು ಅದನ್ನು ಹೊಗಳಬೇಕು. ಹೊತ್ತು ತಂದವರ ಮುಖ ನೋಡಿಯಾದರೂ! ಹಿಂದಿನ ಕಾದಂಬರಿಯ ನಾಯಕಿ ಮೊದಲ ಪುಟದಿಂದ ಕೊನೆಯವರೆಗೂ ಅತ್ತಳು, ಸುಮ್ಮನಿದ್ದೆ. ಅದಕ್ಕೂ ಮುಂಚಿನದರಲ್ಲಿ ಕೊಲೆಗಾರ ಯಾರೆಂದು ಮುಖಪುಟವೇ ಹೇಳಿಬಿಟ್ಟಿತ್ತು, ಆಗಲೂ ತುಟಿ ಬಿಚ್ಚಲಿಲ್ಲ.

ಈ ಸಲ ಆಗಲಿಲ್ಲ. “ಇದು ಶುದ್ಧ ಕಸ” ಎಂದೆ.

ಪುಸ್ತಕ ತಂದಿದ್ದ ಶೈಲಜಾರ ಮುಖ ಸಪ್ಪಗಾಯಿತು. “ನೈರೋಬಿ ಹೆಸ್ರು ಕನ್ನಡದಲ್ಲಿ ಬಂದಿದ್ಯಲ್ಲ, ಖುಷಿಪಡ್ರೀ. ಜಸ್ಟ್ ಒಂದು ಸ್ಟೋರಿ ಅಷ್ಟೇ.”

ಊರಿನ ಹೆಸರು ಬಂದರೆ ಸಾಕೇ? ಊರಿನವರದು ಬೇಡವೇ? ಚಹಾ ಮುಟ್ಟದೆ ಎದ್ದು ಬಂದೆ. ಒಬ್ಬ ಹುಡುಗಿಯನ್ನು ಕನ್ನಡದ ಪುಸ್ತಕದ ಪಕ್ಕ ತಂದು ಕೂರಿಸಲು ನನಗೆ ವರ್ಷಗಳೇ ಹಿಡಿದವು. ಎಬ್ಬಿಸಿ ಓಡಿಸಲು ಬೆಂಗಳೂರಿನ ಆ ಲೇಖಕ ಮಹಾಶಯರಿಗೆ ಒಂದೇ ಅಧ್ಯಾಯ ಸಾಕಾಯಿತು. ಮೈ ಉರಿಯದೆ ಇನ್ನೇನಾಗುತ್ತದೆ ಹೇಳಿ?

ನಿನ್ನೆ ಕಪಾಟಿನಿಂದ ಬೇರೊಂದು ಕಾದಂಬರಿ ತೆಗೆದು, “ಇದನ್ನ ಓದೋಣ್ವಾ ಪುಟ್ಟಾ?” ಎಂದೆ.

ಎಂದೂ ಇಲ್ಲದವಳು ಕನ್ನಡದಲ್ಲೇ ಕೇಳಿದಳು: “ಇದ್ರಲ್ಲಾದ್ರೂ ವಾಂಬುಯಿಗೆ ಒಂದು ಹೆಸ್ರು ಇದ್ಯಾ ಅಮ್ಮಾ?”