ಮೇಲಿನ ಮೂಲೆ

ಚೌಕಾಸಿ ಮಾವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಚಪ್ಪಲಿ ಹೊಲಿಸಲು ಹೋದರೂ ಅರ್ಧ ಗಂಟೆ ಮಾತಾಡಿ, ಹೊಲಿಯುವವನನ್ನು ನಗಿಸಿ, ಇನ್ನೊಂದು ಕಾಲಿನದಕ್ಕೂ ಎರಡು ಹೊಲಿಗೆ ಹಾಕಿಸಿಕೊಂಡು ಬರುವ ಆಸಾಮಿ. ನೆಂಟರಲ್ಲದವರಿಗೂ ಅವನು ಮಾವನೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎಂದು ಹೆಂಡತಿಯೇ ಆಡಿಕೊಳ್ಳುತ್ತಿದ್ದಳು.

ಹಾಗಾಗಿ ಸೋಲಾರ್ ಕಂಪನಿಯವರು ಬಂದು ಕಾಲುವೆಯ ಎರಡೂ ಬದಿಯ ಹೊಲಗಳನ್ನು ಇಪ್ಪತ್ತೆಂಟು ವರ್ಷದ ಗುತ್ತಿಗೆಗೆ ಕೇಳಿದಾಗ, ಹನ್ನೊಂದು ಮನೆಯವರೂ ಮಾವನ ಬಾಗಿಲಿಗೇ ಬಂದರು.

"ಆ ಕಾಗದದ ಭಾಷೆ ನಮಗೆ ತಲೆಗೆ ಹತ್ತಲ್ಲ ಮಾವ. ನೀವೇ ಮಾತಾಡಿ. ನೀವು ಹೂಂ ಅಂದ್ರೆ ನಾವೂ ಹೂಂ."

ಎಲ್ಲರೂ ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದು ಒಂದೇ ಮಾತು ಹೇಳಿದಳು. "ರೀ, ಏನು ಬೇಕಾದ್ರೂ ಕೊಡಿ. ಮೇಲಿನ ಮೂಲೆ ಮಾತ್ರ ಕೊಡಬೇಡಿ."

"ಅದನ್ನ ನೀನು ನನಗೆ ಹೇಳಬೇಕಾ?"

ಹೇಳಬೇಕಿರಲಿಲ್ಲ. ಕಾಲುವೆಯ ನೀರು ಅವರ ಹೊಲಕ್ಕೆ ಮೊದಲು ಇಳಿಯುವ ಜಾಗ ಅದು. ಆರು ವರ್ಷದ ಒಬ್ಬಳೇ ಮಗಳು ಮೂರು ದಿನದ ಜ್ವರಕ್ಕೆ ಹೋದಾಗ, ಸದಾ ತಂಪಾಗಿರಲಿ ಎಂದು ಅವಳನ್ನು ಅಲ್ಲೇ ಮಣ್ಣು ಮಾಡಿದ್ದರು. ತಲೆಯ ಬಳಿ ಇಟ್ಟ ಚಪ್ಪಟೆ ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಅಂದಿನಿಂದ ಆ ಮನೆಯಲ್ಲಿ ಯಾರೂ ಮಗಳ ಹೆಸರು ಎತ್ತಿದ್ದಿಲ್ಲ. ಎತ್ತಿದರೆ ಇಬ್ಬರಲ್ಲೊಬ್ಬರಿಗೆ ಅನ್ನ ಸೇರುತ್ತಿರಲಿಲ್ಲ. "ಮೇಲಿನ ಮೂಲೆಗೆ ಹೋಗಿ ಬರ್ತೀನಿ" ಎಂದು ಹೆಂಡತಿ ಆ ಕಲ್ಲಿಗೆ ಹುಯ್ಯಲು ಚೊಂಬು ನೀರು ಹಿಡಿದು ಹೊರಟರೆ ಸಾಕು, ಅವನಿಗೆ ತಿಳಿಯುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಕಂಪನಿಯ ಆಫೀಸು ಅಂದರೆ ಹಳೇ ಗೊಬ್ಬರದಂಗಡಿಯ ಮಹಡಿ. ಮೆಟ್ಟಿಲು ಹತ್ತಿದರೆ ಯೂರಿಯಾ ವಾಸನೆ, ಕುಂಟುವ ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿ. ಜಮೀನಿನ ವ್ಯವಹಾರ ನೋಡುವ ಮೇಡಂಗೆ ಹೆಚ್ಚೆಂದರೆ ಇಪ್ಪತ್ತಾರು ವಯಸ್ಸು. ಮಗಳಿದ್ದಿದ್ದರೆ ಇಷ್ಟೇ ಆಗಿರುತ್ತಿತ್ತು ಎಂದು ಮಾವ ಮೊದಲ ದಿನವೇ ಲೆಕ್ಕ ಹಾಕಿದ್ದ. ನಾಲ್ಕು ವಾರ ಅವನು ಆ ಕುರ್ಚಿ ಬಿಡಲಿಲ್ಲ. ಕಾಲುವೆ ಮುಚ್ಚಕೂಡದು. ದನ ಹೋಗುವ ದಾರಿಗೆ ಬೇಲಿ ಬೀಳಕೂಡದು. ಗಡುವು ಮುಗಿದ ಮೇಲೆ ಕಂಬ ಕಿತ್ತು, ಗುಂಡಿ ಮುಚ್ಚಿ, ನೇಗಿಲು ಇಳಿಯುವ ಹಾಗೆ ಮಾಡಿ ಹೊಲ ಒಪ್ಪಿಸಬೇಕು. ಒಂದೊಂದನ್ನೂ ಪಟ್ಟು ಹಿಡಿದು ಬರೆಸಿದ.

"ಯಜಮಾನ್ರೇ, ನೀವು ನಮ್ಮ ಕಂಪನಿಗೇ ಸೇರಿಬಿಡಿ" ಎಂದಳು ಮೇಡಂ.

"ಸಂಬಳಕ್ಕೂ ಚೌಕಾಸಿ ಮಾಡ್ತೀನಿ, ತಡ್ಕೋತೀರಾ?"

ಹಿಂದೆ ನಿಂತಿದ್ದ ಹನ್ನೊಂದು ಜನವೂ ಗೊಳ್ಳೆಂದರು. ಕೊನೆಯ ದಿನ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಮಾವ ಗಂಟಲು ಸರಿ ಮಾಡಿಕೊಂಡ.

"ಇದೊಂದು ಉಳೀತು. ನನ್ನ ಹೊಲದಲ್ಲಿ ಮೇಲಿನ ಮೂಲೆ ಬಿಡಬೇಕು. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ."

"ಅಲ್ಲೇನಿದೆ?"

ಅಷ್ಟೂ ದಿನ ಅರಳು ಹುರಿದ ಹಾಗೆ ಮಾತಾಡಿದವನ ಬಾಯಿ ಒಣಗಿತು. "ಏನೋ ಒಂದಿದೆ. ಬಿಡಿ ಅಂದ್ರೆ ಬಿಡಬೇಕಮ್ಮ."

ಅವಳು ಕೆಂಪು ಪೆನ್ನಿನಲ್ಲಿ ಒಂದು ಚೌಕ ಬರೆದಳು. "ಮೇಲಿನ ಮೂಲೆ. ಇದೇ ಅಲ್ವಾ?"

ಮಾವನಿಗೆ ಓದು ಬರಹ ಬರುತ್ತಿತ್ತು, ನಕ್ಷೆ ಬರುತ್ತಿರಲಿಲ್ಲ. ಆದರೆ ಅಷ್ಟು ಜನ ನಂಬಿ ನಿಂತಿರುವಾಗ ಗೊತ್ತಿಲ್ಲ ಅನ್ನುವುದುಂಟೇ? ಮಾನ ಏನಾಗಬೇಕು? "ಹೂಂ, ಮೇಲಿನ ಮೂಲೆನೇ" ಎಂದು ರುಜು ಹಾಕಿದ. ಅಯ್ಯೋ ಪುಣ್ಯಾತ್ಮ, ಒಂದು ಸಲ, ಒಂದೇ ಒಂದು ಸಲ ಗೊತ್ತಿಲ್ಲ ಅಂದಿದ್ದರೆ ಗಂಟೇನು ಹೋಗುತ್ತಿತ್ತು!

ಮುಂದಿನ ತಿಂಗಳು ಕೆಲಸ ಶುರುವಾಯಿತು, ಅದೂ ಅವನ ಹೊಲದಿಂದಲೇ. ಮಾವ ಆ ಹೊತ್ತಿಗೆ ಕೆಳಗಿನ ಹೊಲದವರಿಗೆ ಕಾಲುವೆಯ ಗುರುತು ತೋರಿಸುತ್ತಿದ್ದ. ಹೆಂಡತಿ ಚೊಂಬು ಹಿಡಿದು ಹೋದಾಗ ಮೇಲಿನ ಮೂಲೆಯಲ್ಲಿ ಮಣ್ಣು ಮಟ್ಟವಾಗಿತ್ತು. ಆರು ಕಬ್ಬಿಣದ ಕಂಬಗಳು ನೆಲದೊಳಗೆ ಇಳಿದಿದ್ದವು. ಕಲ್ಲು ಎಲ್ಲಿತ್ತು ಎಂಬುದೇ ತಿಳಿಯಲಿಲ್ಲ.

ಮಾವ ಓಡುತ್ತಲೇ ಆಫೀಸಿನ ಮೆಟ್ಟಿಲು ಹತ್ತಿದ. ಮೇಡಂ ನಕ್ಷೆ ಬಿಚ್ಚಿದಳು. "ನಾವು ಬಿಟ್ಟಿದ್ದೀವಲ್ಲ ಯಜಮಾನ್ರೇ. ನೋಡಿ, ಮೇಲಿನ ಮೂಲೆ."

"ನೀವು ಬಿಟ್ಟಿರೋದು ಕೆಳಗಿನ ಮೂಲೆ! ನೀರು ಎಲ್ಲಿಂದ ಬರುತ್ತೋ ಅದು ಮೇಲೆ ಕಣಮ್ಮ. ನಮಗೆ ನೀರು ಬರೋದು ದಕ್ಷಿಣದಿಂದ."

"ಕಾಗದದಲ್ಲಿ ಮೇಲೆ ಅಂದ್ರೆ ಉತ್ತರ..." ಅವಳ ದನಿ ಇಳಿಯಿತು. "ಅಲ್ಲೇನಿತ್ತು?"

"ನನ್ನ ಮಗಳು."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು. ಮೇಡಂ ನಕ್ಷೆ ಮಡಚಿಟ್ಟಳು. "ಅವತ್ತೇ ಹೇಳಿದ್ದಿದ್ರೆ ನಾನೇ ಬಂದು ನಿಂತು ಗುರುತು ಹಾಕಿಸ್ತಿದ್ದೆ" ಎಂದಳು. ಅವಳ ಕಣ್ಣೂ ತುಂಬಿತ್ತು. ಮೇಲಿನವರಿಗೆ ಎರಡು ಸಲ ಬರೆದಳು, ಪಾಪ. ಇಳಿಸಿದ ಕಂಬ ಕೀಳಲಾಗದು, ಬೇಲಿಯೊಳಗೆ ಹೊರಗಿನವರನ್ನು ಬಿಡಲಾಗದು ಎಂದು ಉತ್ತರ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವನದು ಆಡದೇ ಹೋದ ಮಾತು.

ಹನ್ನೊಂದು ಮನೆಯವರ ಕಾಲುವೆ ಉಳಿಯಿತು, ದಾರಿ ಉಳಿಯಿತು. ಅವರು ಮಾವನನ್ನು ಹೊಗಳಿದ್ದೇ ಹೊಗಳಿದ್ದು. ಮಾವ ಮಾತ್ರ ಚೌಕಾಸಿ ಬಿಟ್ಟುಬಿಟ್ಟ. ತರಕಾರಿಯವಳು ಹೇಳಿದಷ್ಟು ಕೊಟ್ಟು, ಚೀಲ ಹಿಡಿದು ತಿರುಗಿದರೆ, "ಯಾಕೆ ಮಾವ, ಮೈ ಸರಿಯಿಲ್ವಾ?" ಎಂದು ಅವಳೇ ಗಾಬರಿಯಾಗಿ ಎರಡು ಬದನೆಕಾಯಿ ಹೆಚ್ಚಿಗೆ ಹಾಕುತ್ತಿದ್ದಳು.

ಹೆಂಡತಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಒಂದು ಸಂಜೆ ಅವಳು ಚೊಂಬು ತುಂಬಿಕೊಂಡು ಹೊರಟದ್ದು ಕಂಡು ಹಿಂದೆಯೇ ಹೋದ. ಅವಳು ಬೇಲಿಯ ಕಡೆ ತಿರುಗಲಿಲ್ಲ. ಕೆಳಗೆ, ಕಂಪನಿಯವರು ಬಿಟ್ಟಿದ್ದ ಹತ್ತು ಹೆಜ್ಜೆ ಜಾಗಕ್ಕೆ ಹೋಗಿ, ಬರೀ ಮಣ್ಣಿಗೆ ನಿಧಾನವಾಗಿ ನೀರು ಹುಯ್ದಳು.

"ಇಲ್ಲೇನಿದೆ ಅಂತ ಹಾಕ್ತೀಯೇ?" ಎಂದು ಕೇಳಿದ.

"ಏನೂ ಇಲ್ಲ" ಎಂದಳು. "ಅವಳಿಗೋಸ್ಕರ ನೀವು ಕೇಳಿ ಬಿಡಿಸಿದ ಜಾಗ ಇದೇ ತಾನೆ? ಇದನ್ನೂ ಒಣಗೋಕೆ ಬಿಡಲಾ?"